ಗ್ರೀಕ್ ನಾಟಕದ ಮೇಳನಾಯಕ

ಅಥೆನ್ಸ್ ನಗರದಲ್ಲಿ ಆಕ್ರೊಪೊಲಿಸ್ ಗುಡ್ಡದ ಪೂರ್ವದ ಬುಡಕ್ಕೆ ಸಮೀಪವಾಗಿ, ಇಕ್ಕಟ್ಟಾದ ಬೀದಿಗಳ ನಡುವೆ, ಅಮೃತಶಿಲೆಯ ಚಿಕ್ಕದೊಂದು ದುಂಡು ಕಟ್ಟಡವು ಇಂದಿಗೂ ನಿಂತಿದೆ. ಸುತ್ತಲೂ ಆರು ಕಂಬಗಳು. ಮೇಲೆ ಒಂದೇ ಕಲ್ಲಿನಲ್ಲಿ ಕಡೆದ ಛಾವಣಿ. ಅದು ದೇವಾಲಯವಲ್ಲ, ಯಾರ ಸಮಾಧಿಯೂ ಅಲ್ಲ. ಹಾಡು ಕುಣಿತಗಳ ಸ್ಪರ್ಧೆಯೊಂದರಲ್ಲಿ ಬಹುಮಾನವಾಗಿ ಬಂದ ಕಂಚಿನ ಮುಕ್ಕಾಲಿಯನ್ನು ಊರವರೆಲ್ಲ ನೋಡುವಂತೆ ಎತ್ತಿ ನಿಲ್ಲಿಸುವುದಕ್ಕಾಗಿ, ಕ್ರಿ. ಪೂ. 335–334ರ ವರ್ಷದಲ್ಲಿ, ಲೈಸಿಕ್ರಟೀಸ್ ಎಂಬ ಧನಿಕನು ಕಟ್ಟಿಸಿದ ಪೀಠ. ಕಂಬಗಳ ಮೇಲಿನ ತೊಲೆಗಲ್ಲಿನಲ್ಲಿ ಶಾಸನವುಂಟು. ವೆಚ್ಚವನ್ನು ವಹಿಸಿದ ಲೈಸಿಕ್ರಟೀಸನ ಹೆಸರು, ಅವನ ತಂದೆಯ ಹೆಸರು, ಅವನ ಊರು, ಗೆದ್ದ ಕುಲದ ಹೆಸರು, ವಾದ್ಯವನ್ನು ಊದಿದ ಥಿಯಾನನ ಹೆಸರು, ಮೇಳಕ್ಕೆ ಕಲಿಸಿದ ಲೈಸಿಯಾಡಿಸನ ಹೆಸರು, ಆ ವರ್ಷದ ಅಧಿಕಾರಿಯ ಹೆಸರು, ಇಷ್ಟೂ ಅಲ್ಲಿವೆ. ಹಾಡಿ ಕುಣಿದು ಆ ಬಹುಮಾನವನ್ನು ಗೆದ್ದ ಬಾಲಕರಲ್ಲಿ ಒಬ್ಬನ ಹೆಸರೂ ಇಲ್ಲ. ಅವರ ಮುಂದೆ ನಿಂತು ಅವರನ್ನು ನಡೆಸಿದವನ ಹೆಸರೂ ಇಲ್ಲ.

ಕಲ್ಲಿನ ಮೇಲೆ ಹೆಸರು ಬರೆಯಿಸಿಕೊಳ್ಳದ ಈ ಮನುಷ್ಯನ ವಿಚಾರವನ್ನೇ ಈ ದಿನ ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇನೆ. ಗ್ರೀಕರು ಇವನನ್ನು ಕೊರಿಫೈಯೊಸ್ ಎಂದು ಕರೆದರು; ಶಿಖರದಲ್ಲಿರುವವನು, ತಲೆಯಾಳು, ಎಂದರ್ಥ. ನಾವು ಮೇಳನಾಯಕನೆನ್ನಬಹುದು. ಆದರೆ ಮೇಳವೆಂದೊಡನೆ ನಮ್ಮ ಯಕ್ಷಗಾನದ ಭಾಗವತನನ್ನಾಗಲಿ, ಸಂಸ್ಕೃತ ನಾಟಕದ ಸೂತ್ರಧಾರನನ್ನಾಗಲಿ ನೆನೆದುಕೊಂಡರೆ ದಾರಿ ತಪ್ಪೀತು. ಅವರಿಬ್ಬರೂ ಕಥೆಯ ಹೊರಗೆ ನಿಂತು ಕಥೆಯನ್ನು ನಡೆಸತಕ್ಕವರು. ಗ್ರೀಕ್ ಮೇಳನಾಯಕನು ಕಥೆಯ ಒಳಗಿನವನು. ಥೀಬ್ಸಿನ ಮುದುಕರ ಮೇಳವಾದರೆ ಅವನೂ ಥೀಬ್ಸಿನ ಮುದುಕ. ಸೆರೆಯಾಳು ಹೆಂಗಸರ ಮೇಳವಾದರೆ ಅವನೂ ಸೆರೆಯಾದ ಹೆಂಗಸು. ರಾಜನ ಕೋಪವು ಅವನ ಮೇಲೂ ಬೀಳುತ್ತದೆ.

ನಾಟಕವೆಂದರೆ ನಮಗೆ ಪಾತ್ರಗಳು ನೆನಪಾಗುತ್ತವೆ. ಗ್ರೀಕರಿಗೆ ಮೊದಲು ನೆನಪಾಗುತ್ತಿದ್ದುದು ಮೇಳ. ತನ್ನ ಕೃತಿಯನ್ನು ಡಯೊನೈಸಸ್ ದೇವರ ಉತ್ಸವದಲ್ಲಿ ಆಡಿಸಬೇಕೆನ್ನುವ ಕವಿಯು ಅಧಿಕಾರಿಯ ಬಳಿಗೆ ಹೋಗಿ ‘ಮೇಳವನ್ನು ಬೇಡುತ್ತಿದ್ದನು’. ಅಧಿಕಾರಿಯು ಒಪ್ಪಿದರೆ ‘ಮೇಳವನ್ನು ಕೊಡುತ್ತಿದ್ದನು’. ಮಾತಿನ ರೂಢಿಯೇ ಹಾಗಿತ್ತು. ದೇವರ ಸ್ತೋತ್ರವಾದ ಡಿಥಿರಾಂಬ್ ಗೀತಕ್ಕೆ ಐವತ್ತು ಮಂದಿಯ ಮೇಳ, ರುದ್ರನಾಟಕಕ್ಕೆ ಮೊದಲು ಹನ್ನೆರಡು, ಸಾಫೊಕ್ಲೀಸನ ಕಾಲದಿಂದ ಹದಿನೈದು, ಹಾಸ್ಯನಾಟಕಕ್ಕೆ ಇಪ್ಪತ್ತನಾಲ್ಕು. ದೊಡ್ಡ ಉತ್ಸವದಲ್ಲಿ ಇವರೆಲ್ಲರೂ ನಗರದ ಪೌರರೇ ಆಗಿರಬೇಕು, ಪರದೇಶದವರಿಗೆ ಅಲ್ಲಿ ಅವಕಾಶವಿಲ್ಲ. ನಾಟಕವೇ ಇವರ ಕಸುಬಲ್ಲ. ಅಭ್ಯಾಸ ನಡೆಯುವಷ್ಟು ಕಾಲ ಸೈನ್ಯದ ಕರೆಯಿಂದ ಇವರಿಗೆ ವಿನಾಯಿತಿ ಇತ್ತು. ಮುಖವಾಡ ಧರಿಸಿ, ಬೆಟ್ಟದ ತಪ್ಪಲಿನ ಸಮತಟ್ಟಾದ ಕುಣಿತದ ನೆಲದಲ್ಲಿ, ಆಲಾಸ್ ಎಂಬ ಜೋಡಿವಾದ್ಯದ ದನಿಗೆ ಹೆಜ್ಜೆ ಹಾಕುತ್ತ ಹಾಡುತ್ತಿದ್ದರು. ಇಂಗ್ಲಿಷ್ ಪುಸ್ತಕಗಳು ಬಹುಕಾಲ ಅದನ್ನು ಕೊಳಲೆಂದೇ ಕರೆದುವು. ಕೊಳಲಿನ ಮಾಧುರ್ಯ ಅದರದಲ್ಲ. ನಮ್ಮ ಓಲಗದ ಹಾಗೆ ಬಯಲನ್ನೆಲ್ಲ ತುಂಬುವ ಗಡುಸಾದ ದನಿ.

ಈ ಗುಂಪಿನಲ್ಲಿ ಒಬ್ಬನು ಮೊದಲು ದನಿಯೆತ್ತಬೇಕು, ಉಳಿದವರು ಹಿಂಬಾಲಿಸಬೇಕು; ಸಹಜವಾದ ಸಂಗತಿ. ಆದರೆ ಈ ಸಹಜವಾದ ಸಂಗತಿಯಿಂದಲೇ ನಾಟಕವು ಹುಟ್ಟಿತೆಂದು ಅರಿಸ್ಟಾಟಲನು ಹೇಳುತ್ತಾನೆ. ಡಿಥಿರಾಂಬ್ ಗೀತವನ್ನು ಎತ್ತಿಕೊಡುತ್ತಿದ್ದ ಮುಂದಾಳುಗಳಿಂದ ರುದ್ರನಾಟಕವು ಬೆಳೆಯಿತೆಂಬುದು ಅವನ ಮತ. ಹೇಗೆ ಬೆಳೆಯಿತೆಂಬುದರಲ್ಲಿ ವಿದ್ವಾಂಸರ ಜಗಳ ಇನ್ನೂ ತೀರಿಲ್ಲ. ಗುಂಪಿನಿಂದ ಹೊರಗೆ ನಿಂತು ಗುಂಪಿನೊಡನೆ ಮಾತನಾಡಿದ ಮೊದಲ ನಟನು ಥೆಸ್ಪಿಸ್ ಎಂದು ಐತಿಹ್ಯ; ಎರಡನೆಯ ನಟನನ್ನು ಈಸ್ಕಿಲಸನೂ ಮೂರನೆಯವನನ್ನು ಸಾಫೊಕ್ಲೀಸನೂ ತಂದರೆಂದು ಅರಿಸ್ಟಾಟಲನೇ ಬರೆದಿದ್ದಾನೆ. ನಟರು ಹೆಚ್ಚಿದಂತೆಲ್ಲ ಮೇಳದ ಪಾಲು ಕಡಮೆಯಾಯಿತು. ಕ್ರಿ. ಪೂ. 449ರ ಸುಮಾರಿನಿಂದ ನಟನಿಗೆ ಬೇರೆ ಬಹುಮಾನವೂ ಬಂತು, ಗೆಲವಿನ ಪಟ್ಟಿಯಲ್ಲಿ ಹೆಸರೂ ಬಂತು. ಅವನಿಗೆ ಎದುರಾಗಿ ನಿಂತು ಮಾತು ಕೊಟ್ಟವನು ಇದ್ದಲ್ಲಿಯೇ ಉಳಿದನು.

ಹೆಸರಿನ ವಿಷಯದಲ್ಲಿ ಇನ್ನೊಂದು ಅನ್ಯಾಯವೂ ನಡೆಯಿತು. ‘ಖೊರೇಗೊಸ್’ ಎಂದರೆ ಶಬ್ದಾರ್ಥದಲ್ಲಿ ಮೇಳವನ್ನು ನಡೆಸುವವನು ಎಂದೇ. ಸ್ಪಾರ್ಟಾದಲ್ಲಿ ಕ್ರಿ. ಪೂ. 7ನೆಯ ಶತಮಾನದ ಆಲ್ಕ್‌ಮಾನ್ ಕವಿಯು ಕನ್ಯೆಯರ ಮೇಳಕ್ಕೆ ಬರೆದ ಗೀತವೊಂದರಲ್ಲಿ ಈ ಮಾತು ಹಾಡಿ ಕುಣಿಯುವ ನಾಯಕಿಗೇ ಸಂದಿದೆ. ಅವಳ ಹೆಸರು ಹಗೆಸಿಖೊರಾ, ಅದರ ಅರ್ಥವೂ ಮೇಳವನ್ನು ನಡೆಸುವವಳೆಂದೇ. ಅಥೆನ್ಸಿನಲ್ಲಿ ಮಾತ್ರ ಆ ಬಿರುದು ಕುಣಿಯುವವನ ಕೈಬಿಟ್ಟು ಹಣ ಕೊಡುವವನ ಪಾಲಾಯಿತು. ನಗರದ ಅಧಿಕಾರಿಯು ವರ್ಷವರ್ಷವೂ ಧನಿಕರನ್ನು ಆರಿಸಿ ಒಬ್ಬೊಬ್ಬ ಕವಿಗೆ ಒಬ್ಬೊಬ್ಬನನ್ನು ಗೊತ್ತುಮಾಡುತ್ತಿದ್ದನು. ಮೇಳದ ಶಿಕ್ಷಣ, ಉಡುಗೆ ತೊಡುಗೆ, ಊಟೋಪಚಾರ, ಎಲ್ಲವೂ ಅವನ ಲೆಕ್ಕಕ್ಕೆ. ಲೈಸಿಯಸನು ಬರೆದುಕೊಟ್ಟ ನ್ಯಾಯಾಲಯದ ಭಾಷಣವೊಂದರಲ್ಲಿ ಪ್ರತಿವಾದಿಯು, ತಾನು ರುದ್ರನಾಟಕದ ಮೇಳವೊಂದಕ್ಕೆ 3000 ದ್ರಾಕ್ಮಗಳನ್ನು ವೆಚ್ಚಮಾಡಿದೆನೆಂದು ಎಣಿಸಿ ಹೇಳುತ್ತಾನೆ. ಆ ಕಾಲದಲ್ಲಿ ಗುಡಿ ಕಟ್ಟುವ ಕಲ್ಲುಕುಟಿಗನ ದಿನಗೂಲಿ ಒಂದು ದ್ರಾಕ್ಮ. ಇಷ್ಟು ಸುರಿದವನು ಬಿರುದನ್ನೂ ತೆಗೆದುಕೊಂಡನೆಂದರೆ ಆಶ್ಚರ್ಯವಿಲ್ಲ.

ಮೇಳದ ಪ್ರವೇಶವನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಹದಿನೈದು ಮಂದಿ, ಐದೈದು ಜನರ ಮೂರು ಸಾಲುಗಳಾಗಿ, ಪ್ರೇಕ್ಷಕರು ತಮ್ಮ ಎಡಗಡೆಗೆ ಬರುವಂತೆ ಒಳಕ್ಕೆ ನಡೆಯುತ್ತಾರೆ. ಆದುದರಿಂದ ಎಡಸಾಲಿನವರೇ ಜನರ ಕಣ್ಣಿಗೆ ಹತ್ತಿರ. ಒಳ್ಳೆಯ ಹಾಡುಗಾರರನ್ನೂ ಕುಣಿಯುವವರನ್ನೂ ಆ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಕೈಲಾಗದವರು ನಡುವಣ ಸಾಲಿಗೆ. ಅವರಿಗೆ ‘ಓಣಿಯವರು’ ಎಂಬ ಅಡ್ಡಹೆಸರೇ ಇತ್ತೆಂದು ಪ್ರಾಚೀನ ಕೋಶಕಾರರಿಂದ ತಿಳಿಯುತ್ತದೆ. ಎಡಸಾಲಿನ ನಟ್ಟನಡುವಿನ ಮೂರನೆಯವನೇ ನಾಯಕ. ಅವನು ಸಾಲಿನ ತುದಿಯಲ್ಲಿಲ್ಲ, ಹಿಂದಿಬ್ಬರು, ಮುಂದಿಬ್ಬರು. ಸೇನಾಪತಿಯ ಜಾಗವಲ್ಲ ಅದು, ಎದೆಗೂಡಿನಲ್ಲಿ ಹೃದಯದ ಜಾಗ.

ಮೇಳವು ಹಾಡುವಾಗ ಎಲ್ಲರೂ ಒಂದೇ. ಆದರೆ ನಟರೊಡನೆ ಸಾದಾ ಮಾತಿನ ಛಂದಸ್ಸಿನಲ್ಲಿ ಸಂಭಾಷಿಸಬೇಕಾದಾಗ ಹದಿನೈದು ಗಂಟಲುಗಳಿಂದ ಮಾತು ಹೊರಡುವುದು ಹೇಗೆ? ಅದು ನಾಯಕನ ಕೆಲಸ. ಹಸ್ತಪ್ರತಿಗಳಲ್ಲಿ ಇದಕ್ಕೆ ಬೇರೆ ಗುರುತಿಲ್ಲ. ಹಾಡಿದರೂ ಆಡಿದರೂ ‘ಮೇಳ’ ಎಂದಷ್ಟೇ ಬರೆದಿರುತ್ತದೆ. ಆಡುಮಾತುಗಳನ್ನು ನಾಯಕನ ಬಾಯಿಗೆ ಹಂಚಿದವರು ಸಂಪಾದಕರು, ಹಂಚಿಕೆಯು ನ್ಯಾಯವಾಗಿಯೇ ಇದೆ. ಈ ಮಾತುಗಳು ಬಹುಮಟ್ಟಿಗೆ ಎರಡೆರಡು ಪಾದದವು. ಯಾರೋ ಬರುತ್ತಿದ್ದಾರೆಂದು ತಿಳಿಸುವುದು, ವಾದ ಮಾಡಿದ ಇಬ್ಬರ ನಡುವೆ ಉಸಿರಿಗೆ ಎಡೆ ಕೊಡುವುದು, ಇಬ್ಬರದೂ ಸರಿಯೆನ್ನುವುದು. ಇವನ್ನು ಓದಿದ ತರುಣರು ಎರಡು ಪುಟ ಹಾರಿಸಿ ಮುಂದಕ್ಕೆ ಹೋಗುತ್ತಾರೆ. ಪರೀಕ್ಷೆಯಲ್ಲಿ, ಜರ್ಮನ್ ವಿಮರ್ಶಕ ಶ್ಲೇಗಲನ ಮಾತನ್ನು ಹಿಡಿದು, ಮೇಳವೆಂದರೆ ಆದರ್ಶ ಪ್ರೇಕ್ಷಕನೆಂದು ಬರೆದು ಅಂಕ ಪಡೆಯುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೆಯೇ ಬರೆದೆ. ಪ್ರೇಕ್ಷಕನಿಗೆ ಅಪಾಯವಿಲ್ಲ, ಮೇಳನಾಯಕನಿಗೆ ಉಂಟು. ಆ ವ್ಯತ್ಯಾಸವನ್ನು ಮರೆತರೆ ಆ ಎರಡು ಪಾದಗಳ ತೂಕವು ತಿಳಿಯುವುದಿಲ್ಲ.

ಈಸ್ಕಿಲಸನ ಪರ್ಷಿಯನ್ ನಾಟಕವನ್ನು ಬಿ. ಎಂ. ಶ್ರೀಕಂಠಯ್ಯನವರು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದಿರುವುದರಿಂದ ಅದು ನಮ್ಮವರಿಗೆ ಪರಿಚಿತ. ಕ್ರಿ. ಪೂ. 472ರಲ್ಲಿ ಅದನ್ನು ಆಡಿದಾಗ ಮೇಳದ ವೆಚ್ಚವನ್ನು ವಹಿಸಿದವನು ಇನ್ನೂ ತರುಣನಾಗಿದ್ದ ಪೆರಿಕ್ಲೀಸ್. ಸಲಾಮಿಸ್ ಕಡಲಿನಲ್ಲಿ ಪರ್ಷಿಯನರ ಹಡಗುಗಳು ಮುಳುಗಿ ಎಂಟೇ ವರ್ಷಗಳಾಗಿದ್ದುವು. ನಾಟಕದಲ್ಲಿ ಮಗನ ಸುದ್ದಿಗಾಗಿ ಕಾದಿರುವ ರಾಜಮಾತೆಯು ಮೇಳದ ವೃದ್ಧರನ್ನು ಕೇಳುತ್ತಾಳೆ: ಅಥೆನ್ಸ್ ಎಲ್ಲಿದೆ, ಅವರ ಸೈನ್ಯ ಎಷ್ಟು, ಅವರ ಒಡೆಯನು ಯಾರು. ಅವರು ಯಾವ ಮನುಷ್ಯನಿಗೂ ಅಡಿಯಾಳುಗಳಲ್ಲವೆಂದು ನಾಯಕನು ಉತ್ತರ ಕೊಡುತ್ತಾನೆ. ವೇಷ ಪಾರಸಿಕ ಮುದುಕನದು. ಒಳಗಿರುವವನು ಅಥೆನ್ಸಿನ ಪೌರ. ಕೇಳುತ್ತ ಕುಳಿತವರಲ್ಲಿ ಆ ಯುದ್ಧದಲ್ಲಿ ಹುಟ್ಟು ಹಾಕಿದವರು ಎಷ್ಟು ಮಂದಿಯೋ! ಶತ್ರುವಿನ ಬಾಯಿಂದ, ಭಯದ ನಡುವೆ, ತಮ್ಮ ಊರಿನ ಲಕ್ಷಣವನ್ನು ಅವರು ಕೇಳಿದರು. ಯಾವ ನಟನಿಗೂ ಅಂದು ಅಂಥ ಸಾಲು ಸಿಕ್ಕಿರಲಾರದು.

ಅದೇ ಕವಿಯು ಹದಿನಾಲ್ಕು ವರ್ಷಗಳ ಬಳಿಕ, ‘ಅಗಮೆಮ್ನಾನ್’ ನಾಟಕದಲ್ಲಿ, ಮೇಳನಾಯಕನನ್ನು ಬೇರೊಂದು ಪರೀಕ್ಷೆಗೆ ಒಡ್ಡಿದನು. ಅರಮನೆಯ ಒಳಗಿನಿಂದ ರಾಜನ ಮರಣದ ಕೂಗು ಎರಡು ಬಾರಿ ಕೇಳಿಸುತ್ತದೆ. ಹೊರಗೆ ವೃದ್ಧರ ಮೇಳ. ಏನು ಮಾಡಬೇಕೆಂದು ಯೋಚಿಸೋಣವೆನ್ನುತ್ತಾನೆ ನಾಯಕ. ಅಷ್ಟಕ್ಕೆ ಹಾಡುತ್ತಿದ್ದ ಒಂದೇ ದನಿಯು ಒಡೆದು ಹನ್ನೆರಡಾಗುತ್ತದೆ. ಒಬ್ಬೊಬ್ಬರದು ಎರಡೆರಡು ಪಾದ. ಊರವರನ್ನು ಕರೆಯೋಣವೆಂದು ಒಬ್ಬ. ಕತ್ತಿಯ ರಕ್ತ ಆರುವ ಮೊದಲೇ ನುಗ್ಗೋಣವೆಂದು ಮತ್ತೊಬ್ಬ. ಇದು ನಗರವನ್ನು ಕಸಿದುಕೊಳ್ಳುವ ಹುನ್ನಾರವೆಂದು ಇನ್ನೊಬ್ಬ. ಬರಿಯ ಕೂಗಿನಿಂದ ಸಾವನ್ನು ಹೇಗೆ ನಿರ್ಣಯಿಸುವುದೆಂದು ಮಗದೊಬ್ಬ. ಸ್ಪಷ್ಟವಾಗಿ ತಿಳಿದುಕೊಳ್ಳೋಣವೆಂಬ ನಿರ್ಣಯಕ್ಕೆ ಬರುವಷ್ಟರಲ್ಲಿ ಬಾಗಿಲು ತೆರೆಯುತ್ತದೆ. ಎರಡು ಹೆಣಗಳ ಬಳಿ ರಾಣಿ ನಿಂತಿದ್ದಾಳೆ. ಈ ಭಾಗವನ್ನು ಓದಿ ನಗುವವರಿದ್ದಾರೆ. ಸಭೆಗಳಲ್ಲಿ ಕುಳಿತು ಬಲ್ಲವರು ಅಷ್ಟು ಬೇಗ ನಗಲಾರರು. ಮೇಳದ ಒಕ್ಕೊರಲು ಮುರಿದ ಕ್ಷಣದಲ್ಲಿಯೇ ಆರ್ಗೋಸ್ ನಗರವು ಕೈಬಿಟ್ಟುಹೋಯಿತೆಂಬುದನ್ನು ಕವಿಯು ಮಾತಿನಿಂದ ಹೇಳಲಿಲ್ಲ, ದನಿಗಳನ್ನು ಎಣಿಸಿ ತೋರಿಸಿದನು.

ಇನ್ನು ಸಾಫೊಕ್ಲೀಸ್. ಇವನು ತಾನೇ ಮುಂದಾಳಾಗಿ ನಿಂತವನು: ಸಲಾಮಿಸಿನ ಗೆಲವಿನ ಉತ್ಸವದಲ್ಲಿ, ಹದಿನಾರರ ಹರೆಯದಲ್ಲಿ, ಲೈರ್ ವಾದ್ಯವನ್ನು ಹಿಡಿದು ಜಯಗೀತವನ್ನು ಎತ್ತಿಕೊಟ್ಟನೆಂದು ಅವನ ಪ್ರಾಚೀನ ಚರಿತ್ರೆ ಹೇಳುತ್ತದೆ. ಮೇಳವನ್ನು ಕುರಿತು ಗದ್ಯದಲ್ಲಿ ಒಂದು ಗ್ರಂಥವನ್ನೂ ಬರೆದನಂತೆ, ಅದು ಉಳಿದಿಲ್ಲ. ಮೇಳವನ್ನು ನಟರಲ್ಲಿ ಒಬ್ಬನಂತೆ ಬಳಸಬೇಕು, ಸಾಫೊಕ್ಲೀಸನು ಬಳಸಿದ ಹಾಗೆ, ಎಂದು ಅರಿಸ್ಟಾಟಲನು ವಿಧಿಸಿದಾಗ ಅವನ ಕಣ್ಣ ಮುಂದೆ ಯಾವ ದೃಶ್ಯವಿತ್ತೋ. ನನ್ನ ಕಣ್ಣ ಮುಂದೆ ಬರುವುದು ‘ಆಂಟಿಗೊನೆ’.

ಕಥೆ ತಿಳಿದದ್ದೇ. ಊರ ಮೇಲೆ ದಂಡೆತ್ತಿ ಬಂದು ಸತ್ತವನಿಗೆ ಸಂಸ್ಕಾರ ಕೂಡದೆಂದು ಕ್ರಿಯಾನ್ ರಾಜನ ಆಜ್ಞೆ. ಅಣ್ಣನ ಹೆಣಕ್ಕೆ ಮಣ್ಣು ಕೊಟ್ಟ ಆಂಟಿಗೊನೆಗೆ ಮರಣದಂಡನೆ. ಮೇಳದವರು ರಾಜನು ತಾನೇ ಕರೆಸಿಕೊಂಡ, ಸಿಂಹಾಸನಕ್ಕೆ ನಿಷ್ಠರಾದ ಹಿರಿಯರು. ಹೆಣಕ್ಕೆ ಯಾರೋ ಮಣ್ಣು ಹಾಕಿದರೆಂಬ ಸುದ್ದಿ ಬಂದಾಗ, ಇದು ದೇವತೆಗಳ ಕೆಲಸವಿರಬಹುದೇ ಎಂದು ನಾಯಕನು ಮೆಲ್ಲಗೆ ಕೇಳುತ್ತಾನೆ. ರಾಜನು ಸಿಡಿದುಬಿದ್ದು, ವಯಸ್ಸಾದ ಮೂರ್ಖನೆನಿಸಿಕೊಳ್ಳಬೇಡವೆಂದು ಬಾಯಿ ಮುಚ್ಚಿಸುತ್ತಾನೆ. ಅಲ್ಲಿಂದ ಮುಂದೆ ಮುದುಕನ ಮಾತು ಅಳೆದು ತೂಗಿದ್ದು. ತಂದೆಮಗಂದಿರ ವಾದದಲ್ಲಿ ಇಬ್ಬರದೂ ಒಳ್ಳೆಯ ಮಾತೆನ್ನುತ್ತಾನೆ. ಹೇಡಿತನವೆಂದು ಕರೆಯುವವರು ಕರೆಯಲಿ. ಆದರೆ ಅಕ್ಕತಂಗಿಯರಿಬ್ಬರನ್ನೂ ಕೊಲ್ಲಿಸುವೆನೆಂದು ರಾಜನು ಅಬ್ಬರಿಸಿದಾಗ, ಇಬ್ಬರನ್ನೂ ಕೊಲ್ಲುವ ಯೋಚನೆಯೇ ಎಂದು ಒಂದೇ ಸಾಲಿನಲ್ಲಿ ಕೇಳುವವನು ಇವನೇ. ರಾಜನು ತಡೆದು, ನೀನು ಹೇಳುವುದು ಸರಿ, ಕೈ ಹಾಕದವಳನ್ನು ಬಿಡುತ್ತೇನೆಂದು ಒಪ್ಪಿಕೊಳ್ಳುತ್ತಾನೆ. ನಾಟಕದಲ್ಲಿ ಇಸ್ಮೀನೆಯ ಜೀವವು ಉಳಿದದ್ದು ಮೇಳನಾಯಕನ ಒಂದು ಪ್ರಶ್ನೆಯಿಂದ. ಮಗನಾದ ಹೀಮೋನನ ಅಷ್ಟೆಲ್ಲ ವಾಕ್ಚಾತುರ್ಯಕ್ಕೆ ಆಗದ ಕೆಲಸ ಅದು.

ಬಳಿಕ ಕುರುಡ ದೈವಜ್ಞನು ಬಂದು ಶಪಿಸಿ ಹೋಗುತ್ತಾನೆ. ತನ್ನ ತಲೆಗೂದಲು ಕರಿದಾಗಿದ್ದುದು ಬೆಳ್ಳಗಾಗುವವರೆಗೂ ಆತನ ಮಾತು ಈ ಊರಿಗೆ ಸುಳ್ಳಾದುದನ್ನು ತಾನು ಕಾಣೆನೆಂದು ನಾಯಕನು ನೆನಪಿಸುತ್ತಾನೆ. ರಾಜನ ಎದೆ ನಡುಗುತ್ತದೆ. ಏನು ಮಾಡಲಿ, ಹೇಳು, ಹೇಳಿದಂತೆ ಕೇಳುತ್ತೇನೆ ಎನ್ನುತ್ತಾನೆ. ಆಳುವವನು ಈಗ ಪ್ರಜೆಗಳಲ್ಲಿ ಒಬ್ಬನ ಎದುರು ಕೈಚಾಚಿ ನಿಂತಿದ್ದಾನೆ. ಮುದುಕನ ಉತ್ತರದಲ್ಲಿ ಒಂದು ಅಕ್ಷರವೂ ಹೆಚ್ಚಿಲ್ಲ: ಹೋಗು, ಹುಡುಗಿಯನ್ನು ಗುಹೆಯಿಂದ ಬಿಡಿಸು; ಹೊರಗೆ ಬಿದ್ದಿರುವವನಿಗೆ ಗೋರಿ ಮಾಡಿಸು. ಬೇಗ ಹೋಗು, ಬೇರೆಯವರ ಕೈಗೆ ಒಪ್ಪಿಸದೆ ನೀನೇ ಹೋಗು. ಕ್ರಿಯಾನ್ ಹೋಗುತ್ತಾನೆ, ಆದರೆ ಕ್ರಮವನ್ನು ತಿರುಗಿಸುತ್ತಾನೆ. ಮೊದಲು ಹೆಣವನ್ನು ತೊಳೆಯಿಸಿ, ಸುಟ್ಟು, ಮಣ್ಣಿನ ದಿಬ್ಬವೆಬ್ಬಿಸಿ, ಆಮೇಲೆ ಗುಹೆಯ ಕಡೆಗೆ ನಡೆದನೆಂದು ದೂತನು ಬಂದು ವರದಿ ಮಾಡುತ್ತಾನೆ. ಆ ವೇಳೆಗೆ ಅವಳು ನೇಣು ಹಾಕಿಕೊಂಡಿದ್ದಳು. ಬದುಕಿರುವವಳು ಮೊದಲು, ಸತ್ತವನು ಆಮೇಲೆ, ಎಂಬ ಮುದುಕನ ಕ್ರಮವನ್ನು ಸಾಫೊಕ್ಲೀಸನು ಎಲ್ಲಿಯೂ ಎತ್ತಿ ಹೇಳಿಲ್ಲ. ನಾನು ಅದನ್ನು ಗಮನಿಸಿದ್ದು ಪಾಠ ಹೇಳಲು ಹಿಡಿದು ಎಷ್ಟೋ ವರ್ಷಗಳಾದ ಮೇಲೆ.

ಹಾಸ್ಯನಾಟಕದಲ್ಲಿ ನಾಯಕನಿಗೆ ಇದಕ್ಕಿಂತ ಹೆಚ್ಚಿನ ಸಲಿಗೆ ಇತ್ತು. ಕಥೆಯನ್ನು ನಡುವೆ ನಿಲ್ಲಿಸಿ, ಜನರ ಕಡೆಗೆ ತಿರುಗಿ, ರಾಜಕಾರಣವನ್ನೇ ಆಡಬಹುದು. ಕ್ರಿ. ಪೂ. 405ರಲ್ಲಿ ಅರಿಸ್ಟೋಫನೀಸನ ‘ಕಪ್ಪೆಗಳು’ ನಾಟಕದಲ್ಲಿ ಮೇಳನಾಯಕನು, ಆರು ವರ್ಷಗಳ ಹಿಂದಿನ ಕ್ರಾಂತಿಯಲ್ಲಿ ಸಿಕ್ಕಿ ಪೌರಹಕ್ಕನ್ನು ಕಳೆದುಕೊಂಡವರನ್ನು ಕ್ಷಮಿಸಿ ಸೇರಿಸಿಕೊಳ್ಳಿರೆಂದು ನಗರವನ್ನು ಕೇಳಿಕೊಂಡನು. ಒಂದು ಕಡಲಕಾಳಗದಲ್ಲಿ ಹೋರಾಡಿದ ಗುಲಾಮರನ್ನು ಪೌರರನ್ನಾಗಿ ಮಾಡಿದಿರಿ, ಒಳ್ಳೆಯದೇ. ಎಷ್ಟೋ ಕಾಳಗಗಳಲ್ಲಿ ನಿಮ್ಮ ಮಗ್ಗುಲಿಗಿದ್ದವರನ್ನು ಏಕೆ ದೂರವಿಟ್ಟಿರಿ, ಎಂಬುದು ಅವನ ವಾದ. ಈ ಭಾಷಣಕ್ಕಾಗಿಯೇ ನಾಟಕವನ್ನು ಎರಡನೆಯ ಸಲ ಆಡಿಸಿದರೆಂದು ಪ್ರಾಚೀನರು ಬರೆದಿದ್ದಾರೆ. ಆ ಹಕ್ಕುಗಳನ್ನು ಹಿಂದಕ್ಕೆ ಕೊಡುವ ನಿರ್ಣಯವೂ ಆಯಿತು. ಆದರೆ ಈಗೊಸ್ಪೊಟಮಿಯಲ್ಲಿ ನೌಕಾಬಲವೆಲ್ಲ ನಾಶವಾದ ಮೇಲೆ. ಮರುವರ್ಷ ಅಥೆನ್ಸ್ ಶರಣಾಯಿತು.

ಮೇಳನಾಯಕರ ಹೆಸರೇ ಉಳಿದಿಲ್ಲವೆಂಬ ಭಾವನೆ ಬರುವಂತೆ ನಾನು ಇದುವರೆಗೆ ಮಾತನಾಡಿದೆ. ಒಂದು ಹೆಸರನ್ನು ಬಲ್ಲೆವು. ಉಳಿದ ಬಗೆ ಮಾತ್ರ ವಿಚಿತ್ರ. ಕ್ರಿ. ಪೂ. 348ರಲ್ಲಿ ಡಿಮಾಸ್ತನೀಸನು ತನ್ನ ಕುಲದ ಮೇಳದ ವೆಚ್ಚವನ್ನು ವಹಿಸಿದ್ದಾಗ, ಹಗೆಯಾದ ಮೀಡಿಯಸ್ ಎಂಬವನು ಮೇಳದ ಹೊನ್ನಿನ ಕಿರೀಟಗಳನ್ನು ಕೆಡಿಸಲು ಯತ್ನಿಸಿ, ಮೇಳದ ಗುರುವನ್ನು ಒಲಿಸಿಕೊಂಡು, ಕೊನೆಗೆ ರಂಗಸ್ಥಳದಲ್ಲಿಯೇ ಡಿಮಾಸ್ತನೀಸನ ಮುಖಕ್ಕೆ ಹೊಡೆದನು. ಆ ಮೊಕದ್ದಮೆಗಾಗಿ ಬರೆದ ಭಾಷಣದಲ್ಲಿ ವಾಗ್ಮಿಯು, ಉತ್ಸವದ ಮರ್ಯಾದೆಯನ್ನು ಇತರರು ಹೇಗೆ ಕಾಪಾಡಿದರೆಂಬುದಕ್ಕೆ ಉದಾಹರಣೆ ಕೊಡುತ್ತಾನೆ. ಈನೇಯಿಸ್ ಕುಲದ ಅರಿಸ್ಟೈಡೀಸ್ ಎಂಬವನಿದ್ದಾನೆ. ಸೈನ್ಯದ ಕರ್ತವ್ಯದಲ್ಲಿ ತಪ್ಪಿ ಹಕ್ಕು ಕಳೆದುಕೊಂಡವರಲ್ಲಿ ಅವನೂ ಒಬ್ಬ. ಈಗ ಮುದುಕ, ದನಿಯೂ ಕುಗ್ಗಿರಬಹುದು. ಹಿಂದೆ ತನ್ನ ಕುಲದ ಮೇಳನಾಯಕನಾಗಿದ್ದವನು. ನಾಯಕನೊಬ್ಬನನ್ನು ಕಿತ್ತುಹಾಕಿದರೆ ಉಳಿದ ಮೇಳವೆಲ್ಲ ಹಾಳಾಯಿತೆಂಬುದು ಎಲ್ಲರಿಗೂ ಗೊತ್ತು. ಗೆಲ್ಲುವುದಕ್ಕೆ ಇಷ್ಟು ಸುಲಭವಾದ ದಾರಿ ಇದ್ದರೂ, ಎದುರಾಳಿಗಳಲ್ಲಿ ಒಬ್ಬನಾದರೂ ಮುಂದೆ ಬಂದು ಅವನ ಕೈಹಿಡಿದು ಹೊರಗೆಳೆಯಲಿಲ್ಲ.

ಹೀಗೆ ಅರಿಸ್ಟೈಡೀಸನು ಇತಿಹಾಸಕ್ಕೆ ಸೇರಿದನು: ಹಾಡಿಗಾಗಿ ಅಲ್ಲ, ತಪ್ಪಿಗಾಗಿ, ಅದೂ ಇನ್ನೊಬ್ಬನ ವ್ಯಾಜ್ಯದಲ್ಲಿ ಉದಾಹರಣೆಯಾಗಿ. ಆದರೂ, ಕಂಬದ ಮೇಲೆ ಹೆಸರು ಕೆತ್ತಿಸಿದ ಲೈಸಿಕ್ರಟೀಸನಿಗೆ ಸಿಗದ ಮಾತೊಂದು ಅವನಿಗೆ ಸಿಕ್ಕಿತು. ಅವನಿಲ್ಲದಿದ್ದರೆ ಮೇಳವಿಲ್ಲವೆಂದು ಅಥೆನ್ಸಿನ ಅತ್ಯುತ್ತಮ ವಾಗ್ಮಿಯು ಬರೆದಿಟ್ಟನು.

ಆ ಶತಮಾನ ಮುಗಿಯುವುದರೊಳಗೆ ಧನಿಕರು ಮೇಳ ಹೊರುವ ಪದ್ಧತಿಯನ್ನು ಫಾಲೆರಾನಿನ ಡಿಮಿಟ್ರಿಯಸನ ಆಳ್ವಿಕೆಯ ಕಾಲದಲ್ಲಿ ತೆಗೆದುಹಾಕಿದರು. ನಾಟಕದಲ್ಲಿಯೂ ಮೇಳದ ಕಾಲ ತೀರಿತ್ತು. ಕ್ರಿ. ಪೂ. 316ರಲ್ಲಿ ಆಡಿದ ಮೆನಾಂಡರನ ‘ಸಿಡುಕ’ ಎಂಬ ಹಾಸ್ಯನಾಟಕವು ಈಜಿಪ್ಟಿನ ಪಪೈರಸ್ ಹಾಳೆಗಳಲ್ಲಿ ದೊರೆತು 1958ರಲ್ಲಿ ಅಚ್ಚಾಯಿತು. ಅದರ ಮೊದಲನೆಯ ಅಂಕದ ಕೊನೆಯಲ್ಲಿ ಸೇವಕನೊಬ್ಬನು ದೂರಕ್ಕೆ ನೋಡಿ, ಪ್ಯಾನ್ ದೇವರ ಭಕ್ತರು ಯಾರೋ ಅಮಲೇರಿ ಇತ್ತ ಬರುತ್ತಿದ್ದಾರೆ, ಈಗ ಅವರ ಗೊಡವೆ ಬೇಡವೆಂದು ಪಕ್ಕಕ್ಕೆ ಸರಿಯುತ್ತಾನೆ. ಅವರು ಬಂದು ಏನು ಹಾಡಿದರೆಂಬುದನ್ನು ಬರೆದಿಲ್ಲ. ಅವರ ಪರವಾಗಿ ಮಾತನಾಡುವವನು ಯಾರೂ ಇಲ್ಲ. ಹಾಳೆಯ ಮೇಲೆ ಆ ಜಾಗದಲ್ಲಿ ‘ಮೇಳದ್ದು’ ಎಂಬ ಒಂದೇ ಶಬ್ದವನ್ನು ಬರೆದು, ಲಿಪಿಕಾರನು ಎರಡನೆಯ ಅಂಕಕ್ಕೆ ಹೋಗಿದ್ದಾನೆ.